ಇಪ್ಪತ್ತೇಳು ಪಾಯಿಂಟ್ ಸೊನ್ನೆ

ನಮ್ಮ ಶಾಲೆಯ ಪ್ರಯೋಗಶಾಲೆಯ ಉಷ್ಣತೆ ಇಪ್ಪತ್ತೇಳು ಡಿಗ್ರಿ. ಬೇಸಿಗೆಯಲ್ಲೂ ಇಪ್ಪತ್ತೇಳು, ಮಳೆಗಾಲದಲ್ಲೂ ಇಪ್ಪತ್ತೇಳು. ಕಿಟಕಿಯ ಒಡೆದ ಗಾಜಿನಿಂದ ಗಾಳಿ ನುಗ್ಗಿ ಮಕ್ಕಳ ಹಲ್ಲು ಕಟಕಟ ಎನ್ನುವ ಚಳಿಗಾಲದ ಬೆಳಗ್ಗೆಯೂ ಇಪ್ಪತ್ತೇಳೇ. ಇದು ಬಾಯಿಮಾತಲ್ಲ. ಹತ್ತೊಂಬತ್ತು ವರ್ಷಗಳಿಂದ ಹತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ರೆಕಾರ್ಡ್ ಪುಸ್ತಕದಲ್ಲಿ ‘ಕೊಠಡಿಯ ಉಷ್ಣತೆ ೨೭.೦’ ಎಂದು ಬರೆದು, ಅದರ ಪಕ್ಕದಲ್ಲಿ ಕೆಂಪು ಶಾಯಿಯ ರುಜು ಪಡೆದಿದ್ದಾನೆ. ಭೂಮಿಯ ಹವೆ ಬದಲಾಗುತ್ತಿದೆ ಎಂದು ತಿಳಿದವರು ಪೇಪರಿನಲ್ಲಿ ಬರೆಯುತ್ತಾರೆ. ಆ ಪೇಪರು ನಮ್ಮ ಪ್ರಯೋಗಶಾಲೆಗೆ ಬರುತ್ತಿರಲಿಲ್ಲ.

ಈ ಇಪ್ಪತ್ತೇಳನ್ನು ಕಾಪಾಡಿಕೊಂಡು ಬಂದವರು ಅಲ್ಲಿನ ಅಟೆಂಡರು. ಬೀದಿಯವರು ಅವರನ್ನು ಪಾಯಿಂಟಪ್ಪ ಎನ್ನುತ್ತಿದ್ದರು. ಬೀದಿಯಲ್ಲಿ ಯಾರ ಮಗುವಿನ ಮೈ ಬಿಸಿಯಾದರೂ ಮೊದಲು ಅವರ ಬಾಗಿಲು ತಟ್ಟುವುದು ವಾಡಿಕೆ. ಅವರು ಅಂಗೈಯಲ್ಲಿ ಮುಟ್ಟುತ್ತಿರಲಿಲ್ಲ, ಅದು ಸಾಮಾನ್ಯರ ಪದ್ಧತಿ. ಕೈಯನ್ನು ತಿರುಗಿಸಿ, ಬೆರಳ ಹಿಂಭಾಗವನ್ನು ಹಣೆಗೆ ತಾಗಿಸಿ, ಕಣ್ಣು ಮುಚ್ಚಿ, “ನೂರಾ ಒಂದು ಪಾಯಿಂಟ್ ಆರು” ಎನ್ನುತ್ತಿದ್ದರು. ನೂರಾ ಒಂದು ಎಂದಷ್ಟೇ ಹೇಳಿದ್ದರೆ ಜನ ನಂಬುತ್ತಿದ್ದರೋ ಇಲ್ಲವೋ. ಆ ಪಾಯಿಂಟ್ ಆರರಿಂದ ನಂಬಿದರು.

ನಂಬದೇ ಇದ್ದವರು ಅವರ ಹೆಂಡತಿ ಮಾತ್ರ. “ಊರಿನವರ ಹಣೆ ಬಿಸಿ ಎಲ್ಲ ಗೊತ್ತಾಗತ್ತೆ ಇವರಿಗೆ. ಪಕ್ಕದಲ್ಲೇ ಹಾಲು ಉಕ್ತಾ ಇದ್ರೆ ಗೊತ್ತಾಗಲ್ಲ” ಎಂದು ಅವರು ಹೇಳುತ್ತಿದ್ದರು. ಆಕೆಗೆ ಇನ್ನೊಂದು ಹಳೆಯ ನೋವೂ ಇತ್ತು. ಹತ್ತೊಂಬತ್ತು ವರ್ಷಗಳ ಹಿಂದೆ ಒಂದಿಡೀ ಮಳೆಗಾಲ ಕೂತು ಗಂಡನಿಗೆಂದು ಒಂದು ಹಸಿರು ಸ್ವೆಟರ್ ಹೆಣೆದಿದ್ದರು. ಪಾಯಿಂಟಪ್ಪನವರು ಅದನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಚಳಿಗಾಲದಲ್ಲೂ ಅರ್ಧ ತೋಳಿನ ಅಂಗಿಯಲ್ಲೇ ಕೆಲಸಕ್ಕೆ ಹೋದರು. ಸ್ವೆಟರು ಟ್ರಂಕಿಗೆ ಹೋಯಿತು. “ನಾನು ಹೆಣೆದದ್ದು ಹಿಡಿಸ್ಲಿಲ್ಲ” ಎಂದು ಆಕೆ ತೀರ್ಮಾನಿಸಿ, ಆಮೇಲೆ ಸೂಜಿ ಮುಟ್ಟಲಿಲ್ಲ.

ನಿಜ ಸಂಗತಿ ಬೇರೆ. ಅದು ಪ್ರಯೋಗಶಾಲೆಯ ಕಪಾಟಿನ ಮೇಲಿನ ಅರೆಯಲ್ಲಿ, ಒಂದು ಉದ್ದನೆಯ ಮರದ ಪೆಟ್ಟಿಗೆಯಲ್ಲಿತ್ತು.

ಪೆಟ್ಟಿಗೆಯ ಮೇಲೆ ‘ಪ್ರಮಾಣಿತ ಥರ್ಮಾಮೀಟರ್. ಮುಟ್ಟಬಾರದು’ ಎಂಬ ಚೀಟಿ. ಒಳಗೆ ನೀಲಿ ಮಖಮಲ್ಲಿನ ಹಾಸು. ಹಾಸಿನ ಮೇಲೆ ಒಂದು ಪೆನ್ಸಿಲ್.

ಶಾಲೆಯ ಬೇರೆಲ್ಲ ಥರ್ಮಾಮೀಟರುಗಳನ್ನು ಮಕ್ಕಳು ಒಂದೊಂದಾಗಿ ಒಡೆದು ಮುಗಿಸಿದ್ದರು. ಉಳಿದ ಈ ಒಂದೇ ಒಂದನ್ನು ಒರೆಸಿಡಲು ಹೋಗಿ ಪಾಯಿಂಟಪ್ಪನವರೇ ಕೈಜಾರಿಸಿದರು. ಪಾದರಸ ಮಣಿಮಣಿಯಾಗಿ ಮೇಜಿನ ಮೇಲೆ ಓಡಿ, ನೆಲದ ಬಿರುಕಿನಲ್ಲಿ ಇಳಿದುಹೋಯಿತು. ಬೀಳುವ ಮುನ್ನ ಅದು ತೋರಿಸುತ್ತಿದ್ದುದು ಇಪ್ಪತ್ತೇಳು. ಮಾರನೆಯ ದಿನವೇ ಹೇಳಬೇಕೆಂದಿದ್ದರು. ಮಾರನೆಯ ದಿನ ಆಗಿನ ಹೆಡ್‌ಮಾಸ್ಟರಿಗೆ ಸಿಟ್ಟು ಬಂದಿತ್ತು. ಮೂರನೆಯ ದಿನ ರಜೆ. ನಾಲ್ಕನೆಯ ದಿನ ಹೇಳಿದರೆ, ಮೂರು ದಿನ ಯಾಕಯ್ಯ ಸುಮ್ಮನಿದ್ದೆ ಎನ್ನುತ್ತಾರೆ. ಹೀಗೆ ಹತ್ತೊಂಬತ್ತು ವರ್ಷವಾಯಿತು. ವರ್ಷಕ್ಕೊಮ್ಮೆ ಸಾಮಾನು ಪರಿಶೀಲಿಸುವವರು ಪೆಟ್ಟಿಗೆಯನ್ನು ಕಿವಿಯ ಹತ್ತಿರ ಅಲುಗಾಡಿಸುತ್ತಿದ್ದರು. ಒಳಗೆ ಟಕಟಕ ಎನ್ನುತ್ತಿತ್ತು. ‘ಸುಸ್ಥಿತಿಯಲ್ಲಿದೆ’ ಎಂದು ಬರೆಯುತ್ತಿದ್ದರು.

ಮಕ್ಕಳು ಉಷ್ಣತೆ ಕೇಳಿದಾಗ ಪಾಯಿಂಟಪ್ಪನವರು ಕಪಾಟಿನ ಹಿಂದೆ ಹೋಗಿ, ಅರ್ಧ ನಿಮಿಷ ನಿಂತು, ಬಂದು, “ಇಪ್ಪತ್ತೇಳು ಪಾಯಿಂಟ್ ಸೊನ್ನೆ” ಎನ್ನುತ್ತಿದ್ದರು. ಬಿಸಿನೀರು ಆರುವ ಪ್ರಯೋಗವಿದ್ದ ದಿನ ಎರಡು ನಿಮಿಷಕ್ಕೊಮ್ಮೆ ಅಲ್ಲಿಂದಲೇ ಕೂಗುತ್ತಿದ್ದರು: “ಎಂಬತ್ತು... ಎಪ್ಪತ್ತನಾಲ್ಕು... ಅರವತ್ತೊಂಬತ್ತು...” ಹಳೆಯ ರೆಕಾರ್ಡಿನಿಂದ ಬಾಯಿಪಾಠ ಮಾಡಿದ್ದು. ನೀರು ಕಾಯಿಸಲು ಮರೆತ ದಿನವೂ ನಮ್ಮಲ್ಲಿ ನೀರು ಕ್ರಮಬದ್ಧವಾಗಿ ಆರಿದೆ. ಇನ್ನು ಸ್ವೆಟರಿನ ವಿಷಯ. ಇಪ್ಪತ್ತೇಳು ಡಿಗ್ರಿಯ ಕೋಣೆಯಲ್ಲಿ ಉಣ್ಣೆಯ ಸ್ವೆಟರ್ ಹಾಕಿ ನಿಂತ ಅಟೆಂಡರನ್ನು ಕಂಡರೆ ಯಾರಾದರೂ ಏನೆಂದುಕೊಂಡಾರು? ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ಅವರು ಹೆಗಲು ಒರೆಸಿಕೊಳ್ಳುತ್ತಲೇ ಇದ್ದರು.

ನಗುವುದು ಸುಲಭ. ಆದರೆ ದಾರಿಯಲ್ಲಿ ಸಿಕ್ಕವರು ಹೇಗಿದ್ದೀರಿ ಎಂದು ಕೇಳಿದರೆ ನಾವು ಯಾರೂ ಒಳಗೆ ನೋಡಿಕೊಂಡು ಉತ್ತರ ಹೇಳುವುದಿಲ್ಲ. ಬಾಯಲ್ಲಿ ಒಂದು ರೀಡಿಂಗು ಸಿದ್ಧವಿರುತ್ತದೆ. ಅದನ್ನು ಹೇಳಿ ಮುಂದೆ ಹೋಗುತ್ತೇವೆ.

ಪಾಯಿಂಟಪ್ಪನವರ ನಿವೃತ್ತಿಗೆ ಒಂದು ತಿಂಗಳಿತ್ತು. ಮೂವತ್ತೊಂದು ವರ್ಷದ ಸೇವೆಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ಇನ್ನೊಂದೇ ಒಂದು ಬಾರಿ ಆ ಪೆಟ್ಟಿಗೆ ಟಕಟಕ ಎಂದುಬಿಟ್ಟರೆ ಗೌರವವಾಗಿ ಮನೆಗೆ ಹೋಗಬಹುದಿತ್ತು. ಆಗ ಹೊಸ ವಿಜ್ಞಾನದ ಟೀಚರು ಮಕ್ಕಳ ಕೈಗೆ ವೈರುಗಳನ್ನು ಜೋಡಿಸುವ ಬೆಸುಗೆ ಕಡ್ಡಿ ಕೊಟ್ಟರು.

ಟೀಚರದು ಮಾತು ಕಡಿಮೆ. ಶಾಲೆಯಲ್ಲಿ ಮಕ್ಕಳು ಕೈಯಲ್ಲಿ ಹಿಡಿದು ಉಷ್ಣತೆ ಅಳೆಯಲು ಏನೂ ಇಲ್ಲ ಎಂಬುದನ್ನು ಕಂಡು, “ಹಾಗಾದ್ರೆ ಮಾಡ್ಕೊಳ್ಳೋಣ” ಎಂದಷ್ಟೇ ಹೇಳಿದ್ದರು. ಸಾಸಿವೆ ಕಾಳಿನಷ್ಟೇ ಒಂದು ಕಪ್ಪು ಮಣಿ. ಅದು ಬಿಸಿಯಾದಷ್ಟೂ ವಿದ್ಯುತ್ತನ್ನು ಹೆಚ್ಚು ಹರಿಯಬಿಡುತ್ತದೆ. ಮಣಿಯನ್ನು ಬರಿದಾದ ಪೆನ್ ರೀಫಿಲ್ಲಿನ ತುದಿಯಲ್ಲಿ ಕೂರಿಸಿ ಅಂಟಿನಿಂದ ಮುಚ್ಚುವುದು. ಕೆಟ್ಟ ಮೊಬೈಲ್ ಚಾರ್ಜರಿನ ವೈರಿನಿಂದ ಅದನ್ನು ಹೆಬ್ಬೆರಳಗಲದ ಒಂದು ಸರ್ಕ್ಯೂಟಿಗೆ ಜೋಡಿಸುವುದು. ಮಣಿಯ ಜೊತೆ ಬಂದ ಕೋಷ್ಟಕ ನೋಡಿ ಪ್ರೋಗ್ರಾಮ್ ಬರೆಯುವುದು. ಎಲ್ಲವನ್ನೂ ಸೋಪಿನ ಡಬ್ಬಿಯಲ್ಲಿಟ್ಟು, ಮುಚ್ಚಳದಲ್ಲಿ ಕಿಂಡಿ ಕೊರೆದು ಅಂಕಿ ಕಾಣುವಂತೆ ಮಾಡುವುದು. ಹದಿನೈದು ದಿನದಲ್ಲಿ ಹನ್ನೆರಡು ಡಬ್ಬಿಗಳಾದವು. ಎಲ್ಲವೂ ಸೋಪಿನ ವಾಸನೆ ಬೀರುತ್ತ, ಕೆಂಪು ಅಂಕಿಗಳಲ್ಲಿ ಇಪ್ಪತ್ತೆರಡು, ಇಪ್ಪತ್ತೆರಡು ಪಾಯಿಂಟ್ ಒಂದು ಎಂದು ತೋರಿಸಿದವು.

“ಹನ್ನೆರಡೂ ಒಂದೇ ಥರ ಹೇಳ್ತಿವೆ ಮೇಡಂ!” ಎಂದು ಗುಂಪಿನ ಮುಖ್ಯಸ್ಥೆ ಕುಣಿದಳು. ಅವಳು ಪಾಯಿಂಟಪ್ಪನವರ ಬೀದಿಯ ದರ್ಜಿಯ ಮಗಳು. ಕನ್ನಡಕದ ಒಂದು ಕಡ್ಡಿಗೆ ಅಪ್ಪನ ಅಂಗಡಿಯ ದಾರ ಸುತ್ತಿದ್ದಳು.

“ಒಂದೇ ಮನೆಯವರೆಲ್ಲ ಒಂದೇ ಮಾತು ಹೇಳಿದ್ರೆ ಸಾಕ್ಷಿ ಆಗಲ್ಲ” ಎಂದರು ಟೀಚರು. “ಹೊರಗಿನದು ಒಂದು ಒಪ್ಪಬೇಕು.”

ಹುಡುಗಿ ಸೀದಾ ಕಪಾಟಿನ ಹತ್ತಿರ ಹೋದಳು. “ಅಂಕಲ್, ಆ ದೊಡ್ಡ ಥರ್ಮಾಮೀಟರ್ ಕೊಡಿ. ಪಕ್ಕಪಕ್ಕ ಇಟ್ಟು ನೋಡ್ತೀವಿ.”

ಪಾಯಿಂಟಪ್ಪನವರು ಕಪಾಟಿಗೆ ಬೆನ್ನು ಕೊಟ್ಟು ನಿಂತರು. “ಅದನ್ನ ಹಾಗೆಲ್ಲ ಹೊರಗೆ ತೆಗೆಯೋ ಹಾಗಿಲ್ಲ ಮಗಳೇ. ಸೂಕ್ಷ್ಮದ್ದು. ಗಾಳಿ ತಗುಲಿದ್ರೆ ಕೆಡತ್ತೆ.”

“ಥರ್ಮಾಮೀಟರ್‌ಗೆ ಗಾಳಿ ತಗುಲಬಾರದಾ?”

“ಪ್ರಮಾಣಿತ ಅಂದ್ರೆ ಏನಂದ್ಕೊಂಡೆ? ಇರು, ನಾನೇ ನೋಡಿ ಹೇಳ್ತೀನಿ.” ಅವರು ಕಪಾಟಿನ ಹಿಂದೆ ಹೋದರು. ಅರ್ಧ ನಿಮಿಷ. ಬಂದರು. “ಇಪ್ಪತ್ತೇಳು ಪಾಯಿಂಟ್ ಸೊನ್ನೆ.”

ಹನ್ನೆರಡು ಡಬ್ಬಿಗಳು ಒಂದು ಕಡೆ, ಅಂಕಲ್ ಒಂದು ಕಡೆ ಆದರು. ವ್ಯಾಜ್ಯ ಹೆಡ್‌ಮಾಸ್ಟರವರೆಗೆ ಹೋಯಿತು. ಅವರು ಮಫ್ಲರ್ ಸುತ್ತಿಕೊಂಡು ಬಂದು, ಹಳೆಯ ರೆಕಾರ್ಡುಗಳ ಕಟ್ಟು ಬಿಚ್ಚಿಸಿ, ಒಂದೊಂದರಲ್ಲೂ ಬೆರಳಿಟ್ಟು ನೋಡಿದರು.

“ನೋಡಮ್ಮ, ಹತ್ತೊಂಬತ್ತು ವರ್ಷದ ದಾಖಲೆ. ಒಂದು ಪಾಯಿಂಟೂ ಆಚೆ ಈಚೆ ಇಲ್ಲ. ಇಂಥ ಶಿಸ್ತು ಯಾವ ಶಾಲೆಯಲ್ಲಿದೆ? ನಿನ್ನೆ ಹುಟ್ಟಿದ ಸೋಪಿನ ಡಬ್ಬಿ ಬಂದು ಇದನ್ನ ಸುಳ್ಳು ಅನ್ನತ್ತಾ?”

“ಸರ್, ಆದ್ರೆ ಇವತ್ತು ಚಳಿ ಇದೆಯಲ್ಲ ಸರ್.”

ಹೆಡ್‌ಮಾಸ್ಟರು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. “ಚಳಿ ಅನ್ನೋದು ಅನಿಸಿಕೆ. ಇಪ್ಪತ್ತೇಳು ಅನ್ನೋದು ರೀಡಿಂಗು. ಐದು ಕಡಿಮೆ ತೋರಿಸ್ತಿದೆ ತಾನೆ? ಐದು ಸೇರಿಸಿ. ಮುಗೀತು.”

ಮಕ್ಕಳು ಟೀಚರ ಮುಖ ನೋಡಿದರು. ಟೀಚರು ಕಪಾಟನ್ನೂ ಪಾಯಿಂಟಪ್ಪನವರ ಅರ್ಧ ತೋಳಿನ ಕೈಮೇಲೆ ಎದ್ದಿದ್ದ ಕೂದಲನ್ನೂ ಸ್ವಲ್ಪ ಹೊತ್ತು ನೋಡಿದರು. “ಸೇರಿಸಿ” ಎಂದರು. “ಆದ್ರೆ ಬರೆದಿಡಿ. ಎಷ್ಟು ತಿದ್ದಿದ್ದು, ಯಾರು ಹೇಳಿ ತಿದ್ದಿದ್ದು, ಯಾಕೆ ನಂಬಿದ್ದು. ಮೂರೂ.”

ಹುಡುಗಿ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಪ್ರೋಗ್ರಾಮಿನಲ್ಲಿ ಐದು ಸೇರಿತು. ಹನ್ನೆರಡು ಡಬ್ಬಿಗಳೂ ಒಮ್ಮೆಲೇ ಇಪ್ಪತ್ತೇಳಕ್ಕೆ ಏರಿದವು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ಒಂದು ಸರಿಯಾದ ಉಪಕರಣವನ್ನು ಇಷ್ಟು ಕಡಿಮೆ ಸಮಯದಲ್ಲಿ, ಇಷ್ಟು ಜನ ಒಗ್ಗಟ್ಟಾಗಿ ಕೆಡಿಸಿದ್ದು ಅಪರೂಪ.

ಅಂದು ಸಂಜೆ ಮಕ್ಕಳು ಡಬ್ಬಿಗಳನ್ನು ಮನೆಯವರಿಗೆ ತೋರಿಸಲು ತೆಗೆದುಕೊಂಡು ಹೋದರು.

ದರ್ಜಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಮಗಳು ರೀಫಿಲ್ಲಿನ ತುದಿಯನ್ನು ಅವನ ಕಂಕುಳಲ್ಲಿ ಇಟ್ಟಳು. ಅಂಕಿ ಏರುತ್ತ ಏರುತ್ತ ನಲವತ್ತೊಂದಕ್ಕೆ ನಿಂತಿತು. ಎದುರು ಮನೆಯ ನಿವೃತ್ತ ಗುಮಾಸ್ತರು ಪ್ಯಾಂಟಿನ ಅಳತೆ ಕೊಡಲು ಬಂದಿದ್ದವರು ಬಗ್ಗಿ ನೋಡಿದರು. ಡಬ್ಬಿ ಹೇಳುತ್ತಿದ್ದುದು ಸೆಲ್ಸಿಯಸ್ಸು. ಬೀದಿಗೆ ಜ್ವರ ಗೊತ್ತಿದ್ದುದು ಫ್ಯಾರನ್‌ಹೀಟಿನಲ್ಲಿ. ಗುಮಾಸ್ತರು ಸೀಮೆಸುಣ್ಣ ತೆಗೆದುಕೊಂಡು ಕತ್ತರಿಸಿಟ್ಟಿದ್ದ ಬಟ್ಟೆಯ ಮೇಲೇ ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಿದರು.

“ನೂರಾ ಐದು ಪಾಯಿಂಟ್ ಎಂಟು!” ಎಂದು ಸೀಮೆಸುಣ್ಣ ಕೆಳಗಿಟ್ಟರು. “ಅಯ್ಯೋ ಮಾರಾಯ, ಇಷ್ಟು ಜ್ವರ ಇಟ್ಕೊಂಡು ಕಾಜ ಹೊಲೀತಿದ್ದೀಯಾ?”

“ನನಗೇನೂ ಅನ್ನಿಸ್ತಿಲ್ಲವಲ್ಲ ಸ್ವಾಮಿ?”

“ಅದೇ ಅಪಾಯ! ಅನ್ನಿಸದೇ ಇರೋದೇ ಅಪಾಯ!”

ಅನ್ನಿಸದೇ ಇರುವುದರ ಅಪಾಯ ತಿಳಿದ ಮೇಲೆ ದರ್ಜಿಗೆ ಅನ್ನಿಸತೊಡಗಿತು. ಕಾಲು ಸೋತವು, ಬಾಯಿ ಕಹಿಯಾಯಿತು. ಗುಮಾಸ್ತರು ಅವನ ಭುಜ ಹಿಡಿದು ಪಾಯಿಂಟಪ್ಪನವರ ಬಾಗಿಲಿಗೆ ತಂದರು. ಹಿಂದೆಯೇ ಅರ್ಧ ಬೀದಿ ಬಂತು.

ಪಾಯಿಂಟಪ್ಪನವರು ಬೆರಳ ಹಿಂಭಾಗವನ್ನು ದರ್ಜಿಯ ಹಣೆಗೆ ತಾಗಿಸಿದರು. ಹಣೆ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. “ಜ್ವರಾನಾ? ಎಲ್ಲಿ?” ಎಂದು ಬಾಯಿ ತೆರೆದವರು, ಅಂಕಿ ತೋರಿಸುತ್ತಿದ್ದ ಡಬ್ಬಿಯನ್ನು ಕಂಡು ಬಾಯಿ ಮುಚ್ಚಿದರು. ಜ್ವರ ಇಲ್ಲ ಎಂದರೆ ಡಬ್ಬಿ ತಪ್ಪು. ಡಬ್ಬಿ ತಪ್ಪು ಎಂದರೆ ಐದು ಸೇರಿಸಿದ್ದು ತಪ್ಪು. ಐದು ಸೇರಿಸಿದ್ದು ತಪ್ಪು ಎಂದರೆ ಇಪ್ಪತ್ತೇಳು ತಪ್ಪು. ಇಪ್ಪತ್ತೇಳು ತಪ್ಪು ಎಂದರೆ, ತೆಗಿ ನೋಡೋಣ ಪೆಟ್ಟಿಗೆ. ಬಾಯಲ್ಲಿ ಬಿಸಿ ತುಪ್ಪ; ಉಗುಳುವಂತಿಲ್ಲ, ನುಂಗುವಂತಿಲ್ಲ.

“ಇದು...” ಎಂದು ಕಣ್ಣು ಮುಚ್ಚಿದರು. “ಇದು ಒಳಜ್ವರ.”

“ಒಳಜ್ವರ!” ಎಂದಿತು ಬೀದಿ.

“ಕೈಗೆ ಸಿಗೋದಿಲ್ಲ. ಯಂತ್ರಕ್ಕೆ ಮಾತ್ರ ಸಿಗತ್ತೆ.”

ಅಷ್ಟೇ ಸಾಕಾಯಿತು. ಕತ್ತಲಾಗುವುದರೊಳಗೆ ಬೀದಿಯಲ್ಲಿ ಒಳಜ್ವರ ಇಲ್ಲದವರು ಉಳಿಯಲಿಲ್ಲ. ದರ್ಜಿ ಕಂಬಳಿ ಹೊದ್ದು, “ನನಗೆ ಮೂರು ವರ್ಷದಿಂದ ಇದೇ ಇತ್ತು, ನಾನೇ ಹೇಳ್ಕೊಂಡಿರಲಿಲ್ಲ” ಎಂದ. ಗುಮಾಸ್ತರು ಪ್ರತಿಯೊಬ್ಬರ ಅಂಕಿಯನ್ನೂ ಪರಿವರ್ತಿಸಿ ಗೋಡೆಯ ಕ್ಯಾಲೆಂಡರಿನ ಹಿಂದೆ ಪಟ್ಟಿ ಮಾಡಿದರು. ತಮ್ಮದು ಎಲ್ಲರಿಗಿಂತ ಪಾಯಿಂಟ್ ಎರಡು ಹೆಚ್ಚು ಬಂದದ್ದನ್ನು ಎರಡು ಬಾರಿ ಓದಿ ಹೇಳಿದರು. ಪಾಯಿಂಟಪ್ಪನವರ ಬಾಮೈದ ಒಂದು ವರ್ಷದಿಂದ ಕೆಲಸ ತಪ್ಪಿಸಲು ಕಾರಣ ಹುಡುಕುತ್ತಿದ್ದವನು, ಓಡಿ ಬಂದು ಅವರ ಕಾಲ ಬುಡದಲ್ಲಿ ಕೂತ. “ಭಾವ, ಒಂದು ಚೀಟಿ ಬರೆದುಕೊಡಿ. ಒಳಜ್ವರ, ಒಂದು ವಾರ ವಿಶ್ರಾಂತಿ ಅಂತ.”

“ನಾನೇನು ಡಾಕ್ಟರಾ?”

“ಡಾಕ್ಟರಿಗೆ ಒಳಜ್ವರ ಎಲ್ಲಿ ಗೊತ್ತಾಗತ್ತೆ ಭಾವ!”

ಹೆಂಡತಿಗೂ ನಲವತ್ತೊಂದು ಬಂತು. ಆಕೆ ಅಂಕಿ ನೋಡಿದರು, ಗಂಡನ ಮುಖ ನೋಡಿದರು. “ನಿಮಗೆ ಎಷ್ಟು ಬಂತು?”

“ನಾನು ನೋಡ್ಕೊಳ್ಳಲಿಲ್ಲ.”

“ಊರಿಗೆಲ್ಲ ನೋಡ್ತೀರಿ, ನಿಮ್ಮದು ನೋಡ್ಕೊಳ್ಳಲ್ಲ. ಎಂದಿನ ಹಾಗೆ” ಎಂದು ಒಳಗೆ ಹೋದರು.

ಮಾರನೆಯ ದಿನ ಶಾಲೆಗೆ ಅರ್ಧ ಮಕ್ಕಳು ಬರಲಿಲ್ಲ. ಹೆಡ್‌ಮಾಸ್ಟರು ಬಂದರು. ಕರ್ತವ್ಯನಿಷ್ಠೆಯಿಂದ ತಮ್ಮ ಕಂಕುಳಿಗೂ ಡಬ್ಬಿ ಇಡಿಸಿಕೊಂಡರು. ನಲವತ್ತೊಂದು ಪಾಯಿಂಟ್ ಎರಡು. ಕೂಡಲೇ ಪ್ರಯೋಗಶಾಲೆಯಲ್ಲೇ ಎರಡು ಬೆಂಚು ಜೋಡಿಸಿ ಮಲಗಿ, ಮಲಗಿದಲ್ಲಿಂದಲೇ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದರು.

ಅದಕ್ಕೂ ಮುಂಚೆ, ಗಂಟೆ ಹೊಡೆಯುವ ಮೊದಲು, ದರ್ಜಿಯ ಮಗಳು ಪ್ರಯೋಗಶಾಲೆಗೆ ಬಂದಿದ್ದಳು. ಪಾಯಿಂಟಪ್ಪನವರು ಮೇಜು ಒರೆಸುತ್ತಿದ್ದರು.

“ಅಂಕಲ್, ನಮ್ಮಪ್ಪ ನೂರಾ ಐದು ಜ್ವರದಲ್ಲಿ ಬೆಳಗ್ಗೆ ಮೂರು ಸಲ ಬಡಿಸ್ಕೊಂಡು ತಿಂದ್ರು.”

“ಒಳಜ್ವರಕ್ಕೆ ಹಸಿವು ಜಾಸ್ತಿ.”

“ಆಮೇಲೆ ರೀಫಿಲ್ಲಿನ ತುದೀನ ಐಸ್ ನೀರಲ್ಲಿ ಇಟ್ಟೆ. ಐದು ಡಿಗ್ರಿ ತೋರಿಸ್ತಿದೆ. ಐಸು ಕರಗೋದು ಸೊನ್ನೇಲಿ ಅಲ್ವಾ?”

ಪಾಯಿಂಟಪ್ಪನವರ ಬಟ್ಟೆ ನಿಂತಿತು. “ಐಸಿಗೂ...” ಎಂದರು. “ಐಸಿಗೂ ಸ್ವಲ್ಪ ಒಳಜ್ವರ ಇರಬಹುದು.”

ಹುಡುಗಿ ನಗಲಿಲ್ಲ. ದಾರ ಸುತ್ತಿದ ಕನ್ನಡಕವನ್ನು ಮೇಲೆ ಸರಿಸಿ, ಕಪಾಟಿನ ಮೇಲಿನ ಅರೆಯನ್ನು ನೋಡಿದಳು. ಅವರನ್ನು ನೋಡಿದಳು. “ಸರಿ ಅಂಕಲ್” ಎಂದು ಹೊರಗೆ ಹೋದಳು. ಅವಳು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ನರ್ಸಮ್ಮ ಬಂದರು. ದಪ್ಪ ಧ್ವನಿ, ಕೈಯಲ್ಲಿ ಚರ್ಮದ ಚೀಲ. ಅವರು ಬರುವ ಸುದ್ದಿ ಕೇಳಿ ಬಾಗಿಲಲ್ಲಿ ಕಂಬಳಿ ಹೊದ್ದ ಬೀದಿ ನಿಂತಿತ್ತು. ಒಬ್ಬೊಬ್ಬರ ಬಾಯಿಗೂ ತಮ್ಮ ಥರ್ಮಾಮೀಟರ್ ತುರುಕಿ, ತೊಳೆದು, ಇನ್ನೊಬ್ಬರಿಗೆ ತುರುಕಿ, ಹದಿನಾಲ್ಕು ಜನರನ್ನು ನೋಡಿದರು. ಕೊನೆಗೆ ಬೆಂಚಿನ ಮೇಲಿದ್ದ ಹೆಡ್‌ಮಾಸ್ಟರ ಹತ್ತಿರ ಬಂದರು.

“ತೊಂಬತ್ತೆಂಟು ಪಾಯಿಂಟ್ ನಾಲ್ಕು. ಏಳಿ ಸಾರ್ ಮೇಲೆ.”

“ಏಳೋಕಾಗಲ್ಲಮ್ಮ. ನಲವತ್ತೊಂದು ಪಾಯಿಂಟ್ ಎರಡು.”

“ನಲವತ್ತೊಂದಿದ್ರೆ ನೀವು ಹೀಗೆ ವಾದ ಮಾಡ್ತಿರಲಿಲ್ಲ. ಯಾರು ಹೇಳಿದ್ದು?”

ಹೆಡ್‌ಮಾಸ್ಟರು ಸೋಪಿನ ಡಬ್ಬಿಯನ್ನು ತೋರಿಸಿದರು. ನರ್ಸಮ್ಮ ಅದನ್ನು ಎತ್ತಿ ಮೂಸಿದರು. “ಮೈ ತೊಳೆಯೋದರಲ್ಲಿ ಜ್ವರ ನೋಡ್ಕೊಂಡ್ರಾ?”

“ಹಾಗೆಲ್ಲ ಹಗುರವಾಗಿ ಮಾತಾಡಬೇಡಿ. ಅದು ಪ್ರಮಾಣಿತ ಥರ್ಮಾಮೀಟರಿಗೆ ಹೊಂದಿಸಿದ್ದು. ನಿಮ್ಮದೇ ಕೆಟ್ಟಿರಬೇಕು.”

“ಓಹೋ. ಹಾಗಾದ್ರೆ ಆ ಪ್ರಮಾಣಿತದ್ದನ್ನ ತನ್ನಿ. ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ ಮೂರನ್ನೂ ಇಡೋಣ. ಯಾರು ಸುಳ್ಳು ಅಂತ ನೀರೇ ಹೇಳಲಿ.”

“ತನ್ನಿ!” ಎಂದರು ಹೆಡ್‌ಮಾಸ್ಟರು ಗೆದ್ದವರಂತೆ.

ಎಲ್ಲರೂ ಪಾಯಿಂಟಪ್ಪನವರ ಕಡೆ ತಿರುಗಿದರು. ಅವರು ಸ್ಟೂಲು ಹತ್ತಿದರು. ಪೆಟ್ಟಿಗೆ ಇಳಿಸಿದರು. ಇಳಿಸುವಾಗ ಅದು ಟಕಟಕ ಎಂದಿತು. ಆ ಶಬ್ದ ಕೇಳಿ ಹೆಡ್‌ಮಾಸ್ಟರು ಸಮಾಧಾನದಿಂದ ತಲೆಯಾಡಿಸಿದರು. ಪಾಯಿಂಟಪ್ಪನವರ ಕೈ ಕೊಂಡಿಯ ಮೇಲೆ ನಿಂತಿತು. ಮೂವತ್ತೊಂದು ವರ್ಷ ಅಲ್ಲೇ ನಿಂತಿತು.

“ಸರ್!” ಎಂದಳು ದರ್ಜಿಯ ಮಗಳು. “ಅದು ಬೇಡ ಸರ್. ತಪ್ಪು ನಮ್ಮದು. ಪ್ರೋಗ್ರಾಮ್ ಬರೆಯುವಾಗ ಐದು ಜಾಸ್ತಿ ಬಿದ್ದಿದೆ. ಬೆಳಗ್ಗೆ ನೋಡಿದೆ.”

ಹೆಡ್‌ಮಾಸ್ಟರ ಜ್ವರ ಆ ಕ್ಷಣದಲ್ಲೇ ಇಳಿಯಿತು. ಬೆಂಚಿನಿಂದ ಚಿಮ್ಮಿ ನಿಂತರು. ಐದು ಸೇರಿಸಿ ಎಂದದ್ದು ತಾವೇ ಎಂಬುದು ಜ್ವರದ ಜೊತೆಗೇ ಇಳಿದುಹೋಗಿತ್ತು. “ನಿಮ್ಮದಾ? ಬೆಳಗ್ಗೆಯಿಂದ ನನ್ನನ್ನ ಹೆಣದ ಹಾಗೆ ಮಲಗಿಸಿದ್ದು ಈ ಡಬ್ಬೀನಾ? ಇದಕ್ಕೇ ನಾನು ಹೇಳೋದು, ಮಕ್ಕಳ ಕೈಗೆ ವಿಜ್ಞಾನ ಕೊಡಬಾರದು ಅಂತ! ಟೀಚರೇ, ಇವತ್ತಿಗೆ ಇದು ಮುಗೀತು. ಅಟೆಂಡರ್, ಒಂದು ಗೋಣಿಚೀಲ ತಗೊಂಬನ್ನಿ. ಹನ್ನೆರಡನ್ನೂ ತುಂಬಿ ಗುಜರಿಗೆ ಹಾಕಿ!”

ಟೀಚರು ಹುಡುಗಿಯ ನೋಟುಪುಸ್ತಕವನ್ನು ತೆರೆದು ಮೇಜಿನ ಮೇಲೆ ಇಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತರು.

ಪಾಯಿಂಟಪ್ಪನವರಿಗೆ ಇದಕ್ಕಿಂತ ಒಳ್ಳೆಯದು ಆಗುವಂತಿರಲಿಲ್ಲ. ಪೆಟ್ಟಿಗೆ ಮುಚ್ಚಿಯೇ ಇತ್ತು. ಮಾಡಬೇಕಾದ್ದು ಒಂದೇ, ಚೀಲ ತುಂಬುವುದು. ಅವರು ಚೀಲ ಹಿಡಿದು ಮೊದಲನೆಯ ಡಬ್ಬಿ ಹಾಕಿದರು, ಎರಡನೆಯದು ಹಾಕಿದರು. ಮೂರನೆಯದು ನೋಟುಪುಸ್ತಕದ ಪಕ್ಕದಲ್ಲಿತ್ತು. ಪುಟದಲ್ಲಿ ದುಂಡು ಅಕ್ಷರದಲ್ಲಿ ಮೂರು ಸಾಲು:

‘ತಿದ್ದಿದ್ದು: ಐದು ಡಿಗ್ರಿ ಹೆಚ್ಚು.
೨೭ ಎಂದು ಹೇಳಿದವರು: ಅಟೆಂಡರ್ ಅಂಕಲ್.
ನಂಬಲು ಕಾರಣ: ಅಂಕಲ್ ಸುಳ್ಳು ಹೇಳುವುದಿಲ್ಲ.’

ಅವರು ಅದನ್ನು ಓದಿದರು. ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ ಚೀಲದಿಂದ ಎರಡು ಡಬ್ಬಿಗಳನ್ನು ತೆಗೆದು ಒರೆಸಿ ಮೇಜಿನ ಮೇಲಿಟ್ಟರು. ಪೆಟ್ಟಿಗೆಯ ಕೊಂಡಿ ತೆಗೆದರು.

ಎಲ್ಲರೂ ಬಗ್ಗಿದರು. ನೀಲಿ ಮಖಮಲ್ಲು, ಅದರ ಮೇಲೆ ಒಂದು ತುದಿ ಕಚ್ಚಿದ ಪೆನ್ಸಿಲ್.

ನರ್ಸಮ್ಮ ಅದನ್ನು ಎತ್ತಿ ಹಿಡಿದು ಕೇಳಿದರು: “ಇದನ್ನ ಬಾಯಲ್ಲಿ ಇಡೋದಾ, ಕಂಕುಳಲ್ಲಾ?”

“ಯಾವತ್ತಿಂದ?” ಎಂದರು ಹೆಡ್‌ಮಾಸ್ಟರು.

“ಹತ್ತೊಂಬತ್ತು ವರ್ಷ ಆಯ್ತು ಸಾರ್. ನನ್ನ ಕೈಯಿಂದಲೇ ಒಡೀತು. ಮಕ್ಕಳ ಡಬ್ಬಿ ಸರಿ ಇದೆ. ಐದು ಸೇರಿಸೋ ಹಾಗೆ ಮಾಡಿದ್ದು ನನ್ನ ಸುಳ್ಳು.”

“ನಿಮ್ಮ ಮೇಲೆ ರಿಪೋರ್ಟ್ ಬರೀತೀನಿ! ರಿಜಿಸ್ಟರ್ ತನ್ನಿ!” ಎಂದು ಹೆಡ್‌ಮಾಸ್ಟರು ಗುಡುಗಿದರು. ರಿಜಿಸ್ಟರು ಬಂತು. ಪುಟ ತ್ವರಿತವಾಗಿ ತಿರುಗಿತು, ಆಮೇಲೆ ನಿಧಾನವಾಗಿ ತಿರುಗಿತು, ಆಮೇಲೆ ನಿಂತಿತು. ‘ಪ್ರಮಾಣಿತ ಥರ್ಮಾಮೀಟರ್, ಒಂದು. ಖುದ್ದಾಗಿ ಪರಿಶೀಲಿಸಿದೆ. ಸುಸ್ಥಿತಿಯಲ್ಲಿದೆ.’ ಕೆಳಗೆ ಅವರದೇ ರುಜು. ಒಂದಲ್ಲ, ಹನ್ನೊಂದು ವರ್ಷದ ಹನ್ನೊಂದು.

“ಅಲುಗಾಡಿಸಿ ನೋಡಿದ್ದೆನಲ್ಲರೀ!”

“ಶಬ್ದ ಬರಲಿ ಅಂತಲೇ ಪೆನ್ಸಿಲ್ ಇಟ್ಟಿದ್ದು ಸಾರ್.”

ಹೆಡ್‌ಮಾಸ್ಟರು ಕೂತರು. ಮಫ್ಲರ್ ಬಿಚ್ಚಿದರು, ಸುತ್ತಿಕೊಂಡರು. “ಒಡೆದಿದೆ ಅಂತ ಬರೀಬಹುದು” ಎಂದು ಕೊನೆಗೆ ತಮ್ಮಷ್ಟಕ್ಕೆ ಹೇಳಿಕೊಂಡರು. “ಆದ್ರೆ ಹನ್ನೊಂದು ವರ್ಷ ಸುಸ್ಥಿತಿ ಅಂತ ಬರೆದದ್ದಕ್ಕೆ ಏನಂತ ಬರೆಯೋದು?”

ಕಿಟಕಿಯ ಹತ್ತಿರದಿಂದ ಟೀಚರು ತಿರುಗಿದರು. “ನಮ್ಮ ಮಕ್ಕಳು ಮೂರು ಸಾಲಿನಲ್ಲಿ ಬರೀತಾರೆ ಸರ್.”

ಹೆಡ್‌ಮಾಸ್ಟರು ಹುಡುಗಿಯ ನೋಟುಪುಸ್ತಕವನ್ನು ಎಳೆದುಕೊಂಡು ನೋಡಿದರು. ಸುತ್ತ ನಿಂತ ಕಂಬಳಿಗಳನ್ನು ನೋಡಿದರು. ಬೇರೆ ದಾರಿ ಕಾಣಲಿಲ್ಲ. ಬರೆದರು. ಆ ಪುಟ ಇಂದಿಗೂ ಇದೆ: ‘ತಿದ್ದಿದ್ದು: ಥರ್ಮಾಮೀಟರ್ ಇಲ್ಲ. ಇದೆ ಎಂದು ಹೇಳಿದವರು: ಪೆಟ್ಟಿಗೆ. ನಂಬಲು ಕಾರಣ: ಶಬ್ದ ಬಂದದ್ದರಿಂದ.’ ಕೆಳಗೆ ಇಬ್ಬರ ರುಜು, ಒಂದು ಹೆಡ್‌ಮಾಸ್ಟರದು, ಒಂದು ಅಟೆಂಡರದು. ಒಬ್ಬರ ಮೇಲೆ ರಿಪೋರ್ಟ್ ಕಳಿಸಿದರೆ ಇಬ್ಬರದೂ ಹೋಗಬೇಕಿತ್ತು. ಹೋಗಲಿಲ್ಲ.

ಬೀದಿ ಅಷ್ಟು ಸುಲಭವಾಗಿ ಬಿಡಲಿಲ್ಲ. ಸಂಜೆಯಾಗುವಷ್ಟರಲ್ಲಿ ಪಾಯಿಂಟಪ್ಪ ಹೋಗಿ ಪೆನ್ಸಿಲಪ್ಪ ಆದರು. ಬಾಮೈದ, “ಇನ್ನೆರಡು ದಿನ ತಡೆದು ಹೇಳಬಾರದಿತ್ತಾ ಭಾವ?” ಎಂದು ಕೆಲಸಕ್ಕೆ ಹೋದ. ಗುಮಾಸ್ತರು ಕ್ಯಾಲೆಂಡರನ್ನು ಮುಂದಕ್ಕೆ ತಿರುಗಿಸಿದರು. ದರ್ಜಿ ಮಾತ್ರ ತನ್ನ ಒಳಜ್ವರವನ್ನು ಬಿಟ್ಟುಕೊಡಲಿಲ್ಲ. “ಉಳಿದವರದು ಸುಳ್ಳಿರಬಹುದು. ನನ್ನದು ಮೂರು ವರ್ಷದ್ದು” ಎಂದ. ಒಬ್ಬ ತಾಯಿ ಅಭ್ಯಾಸಬಲದಿಂದ ಮಗುವನ್ನು ಎತ್ತಿಕೊಂಡು ಬಂದಾಗ ಪಾಯಿಂಟಪ್ಪನವರು ಹಣೆ ಮುಟ್ಟಿ, “ಬಿಸಿ ಇದೆ ತಾಯಿ” ಎಂದಷ್ಟೇ ಹೇಳಿದರು. “ಎಷ್ಟು ಅಂತ ನನಗೆ ಗೊತ್ತಿಲ್ಲ. ನರ್ಸಮ್ಮನ ಹತ್ರ ತೋರಿಸಿ.”

ಆಮೇಲೆ ಒಳಗೆ ಹೋಗಿ ಹೆಂಡತಿಯ ಹಿಂದೆ ನಿಂತರು.

“ಆ ಹಸಿರು ಸ್ವೆಟರು ಇದೆಯೇನೇ?”

ಆಕೆ ತಿರುಗಲಿಲ್ಲ. “ಯಾರಿಗೆ ಕೊಡೋಕೆ?”

“ನನಗೆ.”

“ಹತ್ತೊಂಬತ್ತು ವರ್ಷದ ಮೇಲೆ ಬಣ್ಣ ಹಿಡಿಸ್ತಾ?”

“ಬಣ್ಣ ಮೊದಲೇ ಹಿಡಿಸಿತ್ತು ಕಣೇ.” ಅವರು ಅರ್ಧ ತೋಳಿನ ಕೆಳಗೆ ಕೈ ಸವರಿಕೊಂಡರು. “ಹಾಕ್ಕೊಂಡ್ರೆ ಚಳಿ ಇದೆ ಅಂತ ಗೊತ್ತಾಗಿಬಿಡ್ತಿತ್ತು.”

ಆಕೆಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. ಟ್ರಂಕಿನ ಮುಚ್ಚಳ ತೆರೆದ ಶಬ್ದ ಕೇಳಿಸಿತು.

ಸೇವೆಯ ಕೊನೆಯ ದಿನ ಪಾಯಿಂಟಪ್ಪನವರು ಆ ಸ್ವೆಟರಿನಲ್ಲಿ ಬಂದರು. ಹೊಟ್ಟೆಯ ಮೇಲೆ ಬಿಗಿದಿತ್ತು, ತೋಳಿನಲ್ಲಿ ಮಡಿಕೆಯ ಗೆರೆಗಳಿದ್ದವು, ಮೂರು ಮಾರು ದೂರಕ್ಕೆ ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಡಬ್ಬಿಗಳಿಂದ ಐದು ಕಳೆದಾಗಿತ್ತು. ಐಸು ಮತ್ತೆ ಸೊನ್ನೆಯಲ್ಲೇ ಕರಗುತ್ತಿತ್ತು. ಮಕ್ಕಳು ಬಿಸಿನೀರು ಆರುವ ಪ್ರಯೋಗಕ್ಕೆ, ಈ ಸಲ ನಿಜವಾಗಿ ನೀರು ಕಾಯಿಸಿ, ಸುತ್ತ ಕೂತಿದ್ದರು.

“ಅಂಕಲ್, ಕೊಠಡಿಯ ಉಷ್ಣತೆ?” ಎಂದಳು ದರ್ಜಿಯ ಮಗಳು.

ಅವರು ಅಭ್ಯಾಸದಂತೆ ಕಪಾಟಿನ ಹಿಂದೆ ಹೋದರು. ಅಲ್ಲಿ ಏನೂ ಇಲ್ಲವೆಂದು ನೆನಪಾಗಿ ಹಿಂದಕ್ಕೆ ಬಂದರು. ಡಬ್ಬಿಯ ಮೇಲೆ ಬಗ್ಗಿ ನೋಡಿದರು.

“ಇಪ್ಪತ್ತು ಪಾಯಿಂಟ್ ನಾಲ್ಕು.”

ಹುಡುಗಿ ಬರೆದುಕೊಂಡಳು. “ಚಳಿ ಅಲ್ವಾ ಅಂಕಲ್?”

“ಹೌದು ಮಗಳೇ” ಎಂದರು ಅವರು, ಸ್ವೆಟರಿನ ತೋಳುಗಳನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತ. “ಯಾವಾಗ್ಲೂ ಇತ್ತು.”

ಅವಳು ಅದನ್ನೂ ಬರೆದುಕೊಂಡಳು.